ಮಳೆಗಾಲದಲ್ಲಿ ಮುಧೋಳ ನಾಯಿ: ಸ್ನಾನ, ಉಣುಗು, ಉಗುರು

ಹುಲೇಕಲ್ ರಸ್ತೆ (ಪ್ರಶ್ನೆ)

ಎರಡು ವರ್ಷದ ಮುಧೋಳ ಹೆಣ್ಣುನಾಯಿ, 22 ಕೆಜಿ. ಶಿರಸಿ ಹತ್ತಿರ ಮನೆ, ಹಿಂದೆ ಅಡಿಕೆ ತೋಟ, ಪಕ್ಕಕ್ಕೆ ಕೊಟ್ಟಿಗೆ. ಗಿಡ್ಡ ಕೂದಲಿನ ಜಾತಿ, ಆರೈಕೆಯೇ ಬೇಡ ಅಂತಾರೆ. ಆದರೆ ಮಳೆ ಹಿಡಿದ ಮೇಲೆ ಮೈಯೆಲ್ಲ ಮುಗ್ಗಲು ವಾಸನೆ, ಸದಾ ಬೆರಳುಸಂದಿ ನೆಕ್ಕುತ್ತದೆ, ಕಿವಿ ಹಿಂದೆ ಉಣುಗು. ವಾರಕ್ಕೊಮ್ಮೆ ಮನೆಯ ಸೋಪಿನಲ್ಲೇ ಮೀಯಿಸುತ್ತೇವೆ. ಉಗುರು ಕಪ್ಪು, ಕತ್ತರಿಸಲು ಹೆದರಿಕೆ. ಮನೆಯಲ್ಲೇ ಏನೇನು ಮಾಡಬಹುದು?

ಘಟ್ಟದ ಮೇಲೆ

ವಾರದ ಸ್ನಾನ ಮೊದಲು ನಿಲ್ಲಿಸಿ ಮಾರಾಯ್ರೆ. ನಾಯಿಯ ಚರ್ಮದ ಮೇಲ್ಪದರ ನಮ್ಮದಕ್ಕಿಂತ ತೆಳು. ಸೋಪು ಅದರ ಎಣ್ಣೆಯಂಶ ತೆಗೆದುಹಾಕುತ್ತದೆ, ಚರ್ಮ ಒಣಗಿ ಹೊಟ್ಟೇಳುತ್ತದೆ, ತುರಿಸಿದಲ್ಲಿ ಸೋಂಕು ಸೇರುತ್ತದೆ. ಆರೆಂಟು ವಾರಕ್ಕೊಂದು ಸ್ನಾನ ಸಾಕು, ಅದೂ ನಾಯಿ ಶಾಂಪೂವಿನಲ್ಲಿ. ಮುಧೋಳಕ್ಕೆ ಮೈಕೊಬ್ಬು ಕಡಿಮೆ, ಬೇಗ ನಡುಗುತ್ತದೆ. ಹಾಗಾಗಿ ಮಧ್ಯಾಹ್ನ, ಹಂಡೆಯ ಉಗುರುಬೆಚ್ಚಗಿನ ನೀರು. ಶಾಂಪೂ ಒಂದಕ್ಕೆ ಐದರಷ್ಟು ನೀರು ಬೆರೆಸಿ ಹಚ್ಚಿ, ಜಾರು ಹೋಗುವವರೆಗೆ ತೊಳೆಯಿರಿ. ಕಿವಿಯೊಳಗೆ ನೀರು ಬೇಡ.

ಮಳೆಗಾಲದ ಕೆಲಸ ತೊಳೆಯುವುದಕ್ಕಿಂತ ಒರೆಸುವುದೇ. ತೋಟದಿಂದ ಬಂದ ತಕ್ಷಣ ಕೆಸರು ತೊಳೆದು, ಒಣ ಪಾಣಿಪಂಚೆಯಲ್ಲಿ ಹೊಟ್ಟೆ, ಕಂಕುಳು, ಆಮೇಲೆ ಒಂದೊಂದೇ ಬೆರಳುಸಂದಿ. ಅಲ್ಲಿ ಕೂದಲು ಕಂದು ಬಣ್ಣಕ್ಕೆ ತಿರುಗಿ ಹುಳಿ ವಾಸನೆ ಬಂದರೆ ಹೆಚ್ಚಾಗಿ ಯೀಸ್ಟ್ ಅನ್ನುವ ಶಿಲೀಂಧ್ರದ ಸೋಂಕು. ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಎರಡೂ ಇರುವ ಶಾಂಪೂ ಪಾದಕ್ಕೆ ಮಾತ್ರ ಹಚ್ಚಿ, ಹತ್ತು ನಿಮಿಷ ನೆಕ್ಕಲು ಬಿಡದೆ ಹಿಡಿದು, ತೊಳೆದು, ಒಣಗಿಸಿ. ವಾರಕ್ಕೆರಡು ಸಲ. ಮೂರು ವಾರದಲ್ಲಿ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ.

ಉದುರುವ ಕೂದಲಿಗೆ ರಬ್ಬರ್ ಬ್ರಶ್, ಕೂದಲು ಬೆಳೆದ ದಿಕ್ಕಿಗೇ, ವಾರಕ್ಕೆ ಐದು ನಿಮಿಷ. ತಂತಿ ಬ್ರಶ್ ಬೇಡ, ಈ ಚರ್ಮ ಗೀರಿಹೋಗುತ್ತದೆ. ಬ್ರಶ್ ಮಾಡುವಾಗಲೇ ಬೇಲಿ ತಂತಿ, ಮುಳ್ಳು ತಾಗಿದ ಗಾಯ, ಅಂಟಿಕೊಂಡ ಉಂಬಳ (ಜಿಗಣೆ) ಕಣ್ಣಿಗೆ ಬೀಳುತ್ತವೆ. ಸಿಮೆಂಟು ನೆಲದಲ್ಲಿ ಮಲಗಿ ಮೊಣಕೈ ಜಡ್ಡುಗಟ್ಟುವುದೂ ಇದೆ, ಮಡಚಿದ ಗೋಣಿಚೀಲ ಹಾಸಿ.

ಮದ್ದಿನಪೆಟ್ಟಿಗೆ

ಉಣುಗಿನ ವಿಷಯ ಬೇರೆಯಾಗಿಯೇ ಹೇಳಬೇಕು. ನಾಯಿ ಮೇಲೆ ಸಾಮಾನ್ಯವಾಗಿ ಕಾಣುವ ಕಂದು ಉಣುಗು ರಕ್ತ ಕುಡಿದು ಕೆಳಗಿಳಿದು, ಗೋಡೆ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ನಮ್ಮ ಕಡೆಯ ಗಿಲಾಯಿ ಮಾಡದ ಚಿರೆಕಲ್ಲಿನ ಗೋಡೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ನಾಯಿಗೆ ಮಾತ್ರ ಔಷಧಿ ಹಾಕಿ ಗೋಡೆ ಬಿಟ್ಟರೆ ಮರಿಗಳು ಮತ್ತೆ ಹತ್ತುತ್ತವೆ. ಮಲಗುವ ಜಾಗದ ಸಂದಿ ಮುಚ್ಚಿ, ಹಾಸು ಕುದಿನೀರಿನಲ್ಲಿ ಒಗೆಯಿರಿ. ಕಾಡಿನಿಂದ ತರುವ ದರಕಿನ (ಒಣ ಎಲೆಯ) ರಾಶಿ ಹತ್ತಿರ ನಾಯಿ ಕಟ್ಟಬೇಡಿ. ಮಂಗನ ಕಾಯಿಲೆ ಹರಡುವುದು ಬೇರೆ ಜಾತಿಯ, ಕಾಡಿನ ಉಣುಗು. ಅದು ದರಕಿನ ಜೊತೆ ಮನೆಗೆ ಬರಬಹುದು. ಉಣುಗು ಹತ್ತದಂತೆ ಜನರಿಗೆ ಕೊಡುವ ಡೇಪಾ ಎಣ್ಣೆಯನ್ನು ನಾಯಿಗೆ ಹಚ್ಚಬೇಡಿ, ನೆಕ್ಕಿಬಿಡುತ್ತದೆ.

ಉಣುಗು ಕೀಳುವಾಗ ಬರಿಗೈ ಬೇಡ. ಚೂಪು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆದು ಸ್ಪಿರಿಟ್ಟಿಗೆ ಹಾಕಿ. ಹಿಸುಕಬೇಡಿ. ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು ಎರಡೂ ಬೇಡ. ಒಂದು ಚರ್ಮ ಸುಡುತ್ತದೆ, ಇನ್ನೊಂದು ನೇರ ವಿಷ.

ಉಣುಗಿಗೆ ಹಚ್ಚುವ ಮದ್ದು ಅಮಿಟ್ರಾಜ್ 12.5% ದ್ರಾವಣವಾದರೆ ಲೀಟರ್ ನೀರಿಗೆ 2 ಮಿ.ಲೀ. ಕೈಗವಸು ಹಾಕಿ ಸ್ಪಂಜಿನಲ್ಲಿ ಹಚ್ಚಿ, ತೊಳೆಯದೆ ಒಣಗಲು ಬಿಡಿ, ಒಣಗುವವರೆಗೆ ನೆಕ್ಕದಂತೆ ಕೊರಳಿಗೆ ಆಲಿಕೆಯಂಥ ಅಗಲದ ಪಟ್ಟಿ (ಕೋನ್) ಹಾಕಿ. ಆದರೆ ಸುರಿವ ಮಳೆಯಲ್ಲಿ ಮೈ ಒಣಗುವುದೇ ಇಲ್ಲ. ತೂಕಕ್ಕೆ ತಕ್ಕ ತಿಂಗಳ ಮಾತ್ರೆ ಡಾಕ್ಟರ ಹತ್ತಿರ ಬರೆಸಿಕೊಳ್ಳುವುದೇ ಲೇಸು. ಫಿಟ್ಸ್ ಬಂದಿದ್ದ ನಾಯಿಯಾದರೆ ಅದನ್ನು ಮೊದಲೇ ಹೇಳಿ. ಜ್ವರ, ಊಟ ಬಿಡುವುದು, ಬಿಳಚಿದ ವಸಡು, ಮೂಗಿನಲ್ಲಿ ರಕ್ತ ಕಂಡರೆ ಅದೇ ದಿನ ರಕ್ತ ಪರೀಕ್ಷೆ.

ಬೈತಖೋಲ್

ಉಗುರು ನನ್ನ ಪಾಲಿಗಿರಲಿ. ನಿಂತಾಗ ನೆಲಕ್ಕೆ ತಾಗಿ ಟಕ್‌ಟಕ್ ಅಂದರೆ ಉದ್ದವಾಗಿದೆ. ಮಣ್ಣಂಗಳದಲ್ಲಿ ಸವೆಯುವುದೂ ಇಲ್ಲ. ಕಪ್ಪುಗುರನ್ನು ಒಂದೇ ಏಟಿಗೆ ಕತ್ತರಿಸದೆ ಮಿಲಿಮೀಟರಿನಷ್ಟೇ ಚೂರುಚೂರಾಗಿ ತೆಗೆಯಿರಿ. ಕತ್ತರಿಸಿದ ಮುಖ ಮೊದಲು ಒಣ, ಪುಡಿಪುಡಿ. ನಡುವೆ ತೇವದ ಗಾಢ ಚುಕ್ಕೆ ಕಂಡಲ್ಲಿ ನಿಲ್ಲಿಸಿ, ಅದರ ಹಿಂದೆಯೇ ರಕ್ತನಾಳ. ತಪ್ಪಿ ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಎರಡು ಮೂರು ನಿಮಿಷ ಹಿಡಿಯಿರಿ. ಎರಡು ವಾರಕ್ಕೊಮ್ಮೆ ಹೀಗೆ ಮಾಡಿದರೆ ನಾಳವೂ ಹಿಂದೆ ಸರಿಯುತ್ತದೆ. ಮುಂಗಾಲಿನ ಒಳಬದಿಯ ಹೆಬ್ಬೆರಳು ಮರೆಯಬೇಡಿ. ನೆಲಕ್ಕೆ ತಾಗದೆ ಸುತ್ತಿಕೊಂಡು ಮಾಂಸಕ್ಕೇ ಚುಚ್ಚುವುದು ಅದೇ.

ಕಡಲಿಗೆ ಕರೆತಂದರೆ ಉಪ್ಪುನೀರು ಮೈಯಲ್ಲೇ ಒಣಗಲು ಬಿಡಬೇಡಿ, ಸಿಹಿನೀರು ಹೊಯ್ದು ಒರೆಸಿ.

ಹುಲೇಕಲ್ ರಸ್ತೆ

ಎಲ್ಲರಿಗೂ ಥ್ಯಾಂಕ್ಸ್. ಮನೆಯಲ್ಲಿ ಬೆಕ್ಕೂ ಇದೆ, ಎರಡೂ ಒಟ್ಟಿಗೇ ಮಲಗ್ತಾವೆ. ತೊಂದರೆಯಿಲ್ವಾ?

ಮದ್ದಿನಪೆಟ್ಟಿಗೆ

ಹಾಗಾದರೆ ಅಮಿಟ್ರಾಜ್ ಬಿಟ್ಟೇಬಿಡಿ. ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುವ ಸ್ಪ್ರೇ, ಹನಿಮದ್ದು ಕೂಡ ಬೇಡ. ನಾಯಿ ಮೈಯಿಂದ ತಗುಲಿದರೂ ಬೆಕ್ಕಿಗೆ ನಡುಕ, ಸೆಳೆತ ಬರುತ್ತದೆ, ಪ್ರಾಣವೂ ಹೋಗಬಹುದು. ನಾಯಿಗೆ ಮಾತ್ರೆಯೇ ಸರಿ. ಬೆಕ್ಕಿಗೆ ಬೆಕ್ಕಿನದೇ ಔಷಧಿ ಬೇರೆ ತನ್ನಿ.