ಕರಾರು ಕಾನೂನಿನಲ್ಲಿದ್ದುಕೊಂಡು ಅಸಮಾನತೆಯ ಬಗ್ಗೆ ಸಂಶೋಧನೆ ಮಾಡಬಹುದೇ?

ಪ್ರಶ್ನೆ: ಎಲ್‌ಎಲ್‌ಎಂ ವಿದ್ಯಾರ್ಥಿನಿ

ಪಿಎಚ್‌ಡಿಗೆ ವಿಷಯ ಹುಡುಕುತ್ತಿದ್ದೇನೆ. ನನಗೆ ಹಿಡಿಸುವುದು ಕರಾರು ಮತ್ತು ಸ್ವತ್ತಿನ ಕಾನೂನು; ಕಾಡುವುದು ಬಡವ–ಬಲ್ಲಿದರ ನಡುವಿನ ಅಂತರ. ಅಸಮಾನತೆಯೇ ವಿಷಯವಾದರೆ ಸಂವಿಧಾನವನ್ನೋ ತೆರಿಗೆಯನ್ನೋ ಆರಿಸಿಕೋ ಎಂದು ಎಲ್ಲರೂ ಹೇಳುತ್ತಾರೆ. ಖಾಸಗಿ ಕಾನೂನಿನಲ್ಲಿ, ಅಂದರೆ ವ್ಯಕ್ತಿಗಳ ನಡುವಿನ ಕರಾರು, ಸ್ವತ್ತುಗಳ ಕಾನೂನಿನಲ್ಲಿದ್ದೇ ಈ ಕೆಲಸ ಮಾಡಿದವರು ಇಲ್ಲಿದ್ದಾರೆಯೇ?

ಉತ್ತರ: ಕರಾರು ಕಾನೂನಿನ ಪ್ರಾಧ್ಯಾಪಕಿ

ನಾನು ಅದನ್ನೇ ಮಾಡುತ್ತಾ ಬಂದಿದ್ದೇನೆ. ನನ್ನನ್ನು ಇಲ್ಲಿ ಕಟ್ಟಿಹಾಕಿದ್ದು 1965ರ ಅಮೆರಿಕದ ವಿಲಿಯಮ್ಸ್ ವಿರುದ್ಧ ವಾಕರ್–ಥಾಮಸ್ ಪ್ರಕರಣ. ಸರ್ಕಾರದ ನೆರವಿನಲ್ಲಿ ಏಳು ಮಕ್ಕಳನ್ನು ಸಾಕುತ್ತಿದ್ದ ತಾಯಿ ಒಂದೇ ಅಂಗಡಿಯಿಂದ ವರ್ಷಗಟ್ಟಲೆ ಕಂತಿನಲ್ಲಿ ಸಾಮಾನು ಕೊಂಡಿದ್ದಳು. ಎಲ್ಲದರ ಬಾಕಿ ತೀರುವವರೆಗೆ ಯಾವುದೂ ಪೂರ್ತಿಯಾಗಿ ಅವಳದಾಗದಂತೆ ಕರಾರು ಬರೆದಿತ್ತು. ಸುಮಾರು 1,800 ಡಾಲರಿನ ಖರೀದಿಗೆ 1,400 ಡಾಲರು ಕಟ್ಟಿದ್ದರೂ, ಕೊನೆಯ ಸ್ಟೀರಿಯೋದ ಕಂತು ತಪ್ಪಿದೊಡನೆ ಅಂಗಡಿಯವರು 1957ರಿಂದ ಕೊಂಡದ್ದೆಲ್ಲವನ್ನೂ ವಾಪಸು ಕೇಳಿದರು. ತೀರಾ ಅನ್ಯಾಯದ ಕರಾರನ್ನು ಜಾರಿಮಾಡಲು ನ್ಯಾಯಾಲಯ ನಿರಾಕರಿಸಬಹುದು ಎಂದು ಮೇಲ್ಮನವಿ ನ್ಯಾಯಾಲಯ ಹೇಳಿ, ಪ್ರಕರಣವನ್ನು ಕೆಳಗೆ ಮರಳಿಸಿತು.

ಜರ್ಮನಿಯ ಸಂವಿಧಾನ ನ್ಯಾಯಾಲಯದ 1993ರ ಜಾಮೀನು ತೀರ್ಪನ್ನೂ ಓದಿ. ತಂದೆಯ ಸಾಲಕ್ಕೆ 21ರ ಮಗಳು 1 ಲಕ್ಷ ಮಾರ್ಕ್ ಜಾಮೀನು ನಿಂತಿದ್ದಳು. ಅವಳ ಸಂಪಾದನೆ ತಿಂಗಳಿಗೆ 1,150 ಮಾರ್ಕ್. ಸಹಿ ಹಾಕಿದ ಮೇಲೆ ಮುಗಿಯಿತು ಎನ್ನುವಂತಿಲ್ಲ, ಎರಡು ಪಕ್ಷಗಳ ಬಲದಲ್ಲಿ ಇಷ್ಟು ಅಂತರವಿದ್ದಾಗ ಸಿವಿಲ್ ನ್ಯಾಯಾಲಯಗಳು ಕರಾರಿನ ಒಳಗನ್ನು ನೋಡಲೇಬೇಕು ಎಂದಿತು ಆ ಪೀಠ. ಇಬ್ಬರ ನಡುವಿನ ಕರಾರಿನಲ್ಲಿ ಸಮಾಜ ಇಲ್ಲ ಎನ್ನುವವರಿಗೆ ನಾನು ಮೊದಲು ಕೊಡುವುದು ಇದನ್ನೇ.

ಉತ್ತರ: ಅರ್ಥಶಾಸ್ತ್ರದವನು

ಮೇಡಂ, ಕಾನೂನನ್ನು ಅರ್ಥಶಾಸ್ತ್ರದ ಕಣ್ಣಿನಿಂದ ನೋಡುವ ಅಮೆರಿಕದ ವಿದ್ವಾಂಸರಾದ ಕ್ಯಾಪ್ಲೋ ಮತ್ತು ಶಾವೆಲ್ 1994ರಲ್ಲಿ ಎತ್ತಿದ ಆಕ್ಷೇಪವನ್ನೂ ಹೇಳಬೇಕಲ್ಲವೇ? ಉಳ್ಳವರಿಂದ ಇಲ್ಲದವರಿಗೆ ಸಂಪತ್ತಿನ ಮರುಹಂಚಿಕೆಗೆ ಆದಾಯ ತೆರಿಗೆಯೇ ಕಡಿಮೆ ನಷ್ಟದ ದಾರಿ. ಅಂಗಡಿಯವನ ಕೈ ಕಟ್ಟಿದರೆ ಅವನು ಬೆಲೆ ಏರಿಸುತ್ತಾನೆ, ಇಲ್ಲವೇ ಬಡವರಿಗೆ ಸಾಲ ಕೊಡುವುದನ್ನೇ ನಿಲ್ಲಿಸುತ್ತಾನೆ.

ಉತ್ತರ: ಕರಾರು ಕಾನೂನಿನ ಪ್ರಾಧ್ಯಾಪಕಿ

ಸಾಲ ನಿಂತುಹೋಗುವ ಭಯ ನಿಜವಾದದ್ದು. ಅದನ್ನು ಎದುರಿಸದ ಪ್ರಬಂಧವನ್ನು ನಾನು ಒಪ್ಪುವುದಿಲ್ಲ. ಆದರೆ ತೆರಿಗೆ ಹಾಕುವ ಮೊದಲು ಯಾರ ಕೈಯಲ್ಲಿ ಎಷ್ಟಿದೆ ಎಂಬುದನ್ನು ತೀರ್ಮಾನಿಸಿದವರು ಯಾರು? ಸ್ವತ್ತು, ಕರಾರು, ಉತ್ತರಾಧಿಕಾರದ ನಿಯಮಗಳೇ. ಅಮೆರಿಕದ ಕಾನೂನು ವಿದ್ವಾಂಸ ರಾಬರ್ಟ್ ಹೇಲ್ 1923ರಲ್ಲೇ ಇದನ್ನು ತೋರಿಸಿದರು: ಮಾಲೀಕ ಉಳಿದವರನ್ನು ಬೇಲಿಯ ಹೊರಗೆ ನಿಲ್ಲಿಸುವುದು ರಾಜ್ಯದ ಬಲದಿಂದ, ಹಸಿದವನು ಸಿಕ್ಕ ಕೂಲಿಗೆ ಒಪ್ಪುವುದೂ ಆ ಬಲದ ನೆರಳಿನಲ್ಲೇ. ಮೇಲಾಗಿ, ತೆರಿಗೆಯಿಂದ ಸರಿಪಡಿಸಬಹುದು ಎನ್ನುವುದು ಬೇರೆ, ಸಂಸತ್ತು ಸರಿಪಡಿಸುವುದು ಬೇರೆ.

ವಿದ್ಯಾರ್ಥಿನಿಗೆ: ‘ಅಸಮಾನತೆ’ ಎಂದಷ್ಟೇ ಬರೆದ ಪ್ರಸ್ತಾವನೆ ನಿಲ್ಲುವುದಿಲ್ಲ. ಜಾಮೀನು ಪತ್ರವನ್ನೋ ಬಾಡಿಗೆ ಕರಾರನ್ನೋ, ಒಂದನ್ನೇ ಹಿಡಿಯಿರಿ. ಅದರ ಪ್ರತಿ ಷರತ್ತು ನಷ್ಟವನ್ನು ಯಾರ ತಲೆಗೆ ಕಟ್ಟುತ್ತದೆ ಎಂದು ಬರೆದುಕೊಳ್ಳಿ. ಒಂದಿಷ್ಟು ಅರ್ಥಶಾಸ್ತ್ರ ಕಲಿಯಿರಿ. ಮೇಲಿನ ಆಕ್ಷೇಪ ಮೌಖಿಕ ಪರೀಕ್ಷೆಯಲ್ಲಿ ಬಂದೇ ಬರುತ್ತದೆ.