ಪದಚರ್ಚೆ: ರ‍್ಯಾಕ್‌ನ ವಿದ್ಯುತ್ ವಿತರಣಾ ಘಟಕದಲ್ಲಿರುವ ‘ಸರ್ಕ್ಯೂಟ್ ಬ್ರೇಕರ್’ಗೆ ಯಾವ ಪದ?

ಮಾನ್ಯರೇ,

ಸರ್ವರ್ ಕೊಠಡಿಯ ರ‍್ಯಾಕ್‌ಗಳಲ್ಲಿ ಕೂರಿಸಿದ ವಿದ್ಯುತ್ ವಿತರಣಾ ಘಟಕಗಳಿಗೆ ನಾಳೆಯೊಳಗೆ ಕನ್ನಡದ ಸೂಚನಾಪಟ್ಟಿ ಅಂಟಿಸಬೇಕೆಂದು ಕೇಳಿದವರಿಗೆ ಇದುವರೆಗೆ ಬಂದಿರುವ ‘ಮಂಡಲಭಂಜಕ’, ‘ಸುತ್ತುಮುರುಕ’ ಎಂಬ ಎರಡು ಸಲಹೆಗಳನ್ನೂ ನಾನು ಒಪ್ಪಲಾರೆ.

‘ಭಂಜನ’ವೆಂದರೆ ಒಡೆದು ಹಾಳುಗೆಡವುವುದು. ತಾನೇ ಕರಗಿ ಮಂಡಲವನ್ನು (ಸರ್ಕ್ಯೂಟನ್ನು) ಕಾಯುವುದು ಫ್ಯೂಸಿನ ಕೆಲಸ. ಸಾಮಾನ್ಯ ಬ್ರೇಕರಿನಲ್ಲಿ ಹೊರೆ ಮಿತಿಮೀರಿದಾಗ ದ್ವಿಲೋಹ ಪಟ್ಟಿ ಕಾದು ಬಾಗುತ್ತದೆ, ಹ್ರಸ್ವಮಂಡಲವಾದರೆ (ಶಾರ್ಟ್ ಸರ್ಕ್ಯೂಟ್ ಆದರೆ) ಸುರುಳಿಯ ಕಾಂತಬಲ ಕ್ಷಣಮಾತ್ರದಲ್ಲಿ ಕೊಂಡಿಯನ್ನು ಸೆಳೆಯುತ್ತದೆ. ಎರಡರಲ್ಲೂ ಸಂಪರ್ಕ ಬಿಡುತ್ತದೆಯೇ (‘ಟ್ರಿಪ್’ ಆಗುತ್ತದೆಯೇ) ಹೊರತು ಏನೂ ಮುರಿಯುವುದಿಲ್ಲ, ದೋಷ ಸರಿಪಡಿಸಿದ ಮೇಲೆ ಅದನ್ನೇ ಮತ್ತೆ ಆನ್ ಮಾಡಬಹುದು.

‘ಸುತ್ತುಮುರುಕ’ದ ತೊಡಕು ಇನ್ನೂ ದೊಡ್ಡದು. ಕುಡುಕ, ತಿರುಕ ಎಂಬವುಗಳ ಜಾಡಿನಲ್ಲಿ ಅದನ್ನು ಕಟ್ಟಿದ್ದಾರೆಂಬುದು ತಿಳಿಯುತ್ತದೆ. ಆದರೆ ಮುರುಕು ಮಂಚ, ಮುರುಕು ಗೋಡೆ ಎಂದು ಮಾತಾಡುವ ತಂತ್ರಜ್ಞನು ಆ ಪಟ್ಟಿಯನ್ನು ಓದಿ ಉಪಕರಣವೇ ಕೆಟ್ಟಿದೆಯೆಂದು ತಿಳಿದಾನು. ‘ಕಡಿತ’ವನ್ನೂ ತರಬೇಡಿ, ‘ವಿದ್ಯುತ್ ಕಡಿತ’ಕ್ಕೆ ಬೇರೆಯದೇ ಅರ್ಥ ನೆಲೆಗೊಂಡಿದೆ.

ಎರವಲು ಬೇಡವೆಂದು ‘ಭಂಜಕ’ವನ್ನು ಮುಂದಿಟ್ಟವರು ಸಂಸ್ಕೃತದಿಂದ ತಂದದ್ದೂ ಎರವಲೇ ಎಂಬುದನ್ನು ಗಮನಿಸಬೇಕು. ಸ್ವಿಚ್ಚು, ಬಲ್ಬು, ಫ್ಯೂಸುಗಳು ಕೊನೆಗೆ ಉಕಾರ ಪಡೆದು, ವಿಭಕ್ತಿ ಪ್ರತ್ಯಯಗಳನ್ನು ಹಚ್ಚಿಕೊಂಡು ನಮ್ಮ ಮನೆಮಾತಾಗಿರುವಾಗ ‘ಬ್ರೇಕರಿನ’, ‘ಬ್ರೇಕರಿಗೆ’ ಎಂಬ ರೂಪಗಳನ್ನು ಹೊರಗಿಡಲು ವ್ಯಾಕರಣದಲ್ಲಿ ಕಾರಣವಿಲ್ಲ. ಪದವನ್ನು ಹಾಗೆಯೇ ಉಳಿಸಿಕೊಂಡು ವಾಕ್ಯದ ಕಡೆಗೆ ಗಮನ ಕೊಡೋಣ.

32 ಆಂಪಿಯರಿನ ಘಟಕದಲ್ಲಿ ಸಾಕೆಟ್‌ಗಳನ್ನು ತಲಾ 16 ಆಂಪಿಯರಿನ ಎರಡು ಬ್ರೇಕರುಗಳ ಕೆಳಗೆ ಹಂಚಿರುವುದು ಸಾಮಾನ್ಯ. ನಿಮ್ಮಲ್ಲಿಯೂ ಹಾಗಿದ್ದರೆ ‘ಬ್ರೇಕರ್ 1, 16 ಆಂಪಿಯರ್’ ಎಂದು ಬರೆದು, ಅದು ಯಾವ ಸಾಕೆಟ್‌ಗಳನ್ನು ಕಾಯುತ್ತದೆ ಎಂಬುದನ್ನು ಸಂಖ್ಯೆಯಲ್ಲಿ ತೋರಿಸಿ, ಕೆಳಗೆ ‘ಬ್ರೇಕರ್ ಟ್ರಿಪ್ ಆಗಿದ್ದರೆ ಕಾರಣ ತಿಳಿಯದೆ ಮತ್ತೆ ಆನ್ ಮಾಡಬೇಡಿ’ ಎಂದು ಸೇರಿಸಿ. ‘ಪುನಃಸ್ಥಾಪಿಸತಕ್ಕದ್ದಲ್ಲ’ ಎಂಬ ಕಚೇರಿ ಕನ್ನಡ ಬೇಡವೇ ಬೇಡ.

ಸರ್ವರ್‌ಗಳು ಎ ಮತ್ತು ಬಿ ಎಂಬ ಎರಡು ಘಟಕಗಳಿಂದ ವಿದ್ಯುತ್ ಪಡೆಯುತ್ತಿದ್ದರೆ ಇನ್ನೊಂದು ಸಾಲು ಅಗತ್ಯ. ಒಂದು ಕಡೆಯ ಬ್ರೇಕರ್ ಟ್ರಿಪ್ ಆದೊಡನೆ ಅದರ ಹೊರೆಯೆಲ್ಲ ಇನ್ನೊಂದರ ಮೇಲೆ ಬೀಳುತ್ತದೆ. ಆಗ ಮಿತಿ ಮೀರಿದರೆ ಅದೂ ಟ್ರಿಪ್ ಆಗಿ ಆ ಸರ್ವರ್‌ಗಳೆಲ್ಲ ನಿಲ್ಲುತ್ತವೆ. ಅದಕ್ಕೆ ‘ಎ ಮತ್ತು ಬಿ ಜೋಡಿ ಬ್ರೇಕರುಗಳ ಒಟ್ಟು ಹೊರೆ 16 ಆಂಪಿಯರ್ ಮೀರಬಾರದು’ ಎಂದು ಬರೆಯಿರಿ. ಇಲ್ಲಿ ‘ಲೋಡ್’ ಬೇಕಿಲ್ಲ; ‘ಹೊರೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ.