ಎಎಸಿ ಬ್ಲಾಕ್ ಗೋಡೆಗೆ 55 ಇಂಚಿನ ಟಿವಿ: ಮಾಮೂಲಿ ಪ್ಲಗ್ ಸಾಕೇ?

ಪ್ರಶ್ನೆ:
ನಮಸ್ಕಾರ. ಬೆಂಗಳೂರಿನ ನಮ್ಮ ಫ್ಲ್ಯಾಟ್‌ನ ಹಾಲಿನಲ್ಲಿ 55 ಇಂಚಿನ, ಸುಮಾರು 16 ಕೆಜಿ ತೂಕದ ಟಿವಿಯನ್ನು ಗೋಡೆಗೆ ಹಾಕಿಸಬೇಕಾಗಿದೆ. ಊಟದ ಮೇಜಿನಿಂದಲೂ ಕಾಣುವಂತೆ ಹೊರಕ್ಕೆಳೆದು ತಿರುಗಿಸಬಹುದಾದ ತೋಳಿನ ಬ್ರಾಕೆಟ್ ಬೇಕೆಂದು ನಮ್ಮ ಮನೆಯವರು ಹೇಳುತ್ತಿದ್ದಾರೆ. ಗೋಡೆ 4 ಇಂಚಿನ ಎಎಸಿ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್) ಬ್ಲಾಕಿನದು. ಅದರಾಚೆ ನಮ್ಮದೇ ಮಲಗುವ ಕೋಣೆ. ಅಳವಡಿಸಲು ಬರುವವರು ಬ್ರಾಕೆಟ್ ಜೊತೆ ಕೊಡುವ, ಸ್ಕ್ರೂ ಹಿಡಿಯಲು ಗೋಡೆಯ ತೂತಿಗೆ ತೂರಿಸುವ ಪ್ಲಾಸ್ಟಿಕ್ ಪ್ಲಗ್ಗುಗಳೇ ಸಾಕೆನ್ನುತ್ತಾರೆ. ಮನೆಯಲ್ಲಿ ಮೂರು ವರ್ಷದ ಮಗುವಿರುವುದರಿಂದ ನನಗೆ ಧೈರ್ಯ ಬರುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1:
ಮೇಡಂ, ದಯವಿಟ್ಟು ಒಪ್ಪಬೇಡಿ. ಆ ಪ್ಲಗ್ಗುಗಳು ಗಟ್ಟಿ ಇಟ್ಟಿಗೆಗೆ ಅಥವಾ ಕಾಂಕ್ರೀಟಿಗೆ ಹೊಂದುವಂಥವು. ಸ್ಕ್ರೂ ಬಿಗಿದಾಗ ಪ್ಲಗ್ ಹಿಗ್ಗಿ ತೂತಿನ ಗೋಡೆಯನ್ನು ಒತ್ತುತ್ತದೆ, ಆ ಒತ್ತಡದಿಂದಲೇ ಹಿಡಿತ ಸಿಗುತ್ತದೆ. ಎಎಸಿ ಬ್ಲಾಕಿನೊಳಗೆ ತುಂಬ ಗಾಳಿಗುಳ್ಳೆಗಳಿರುವುದರಿಂದ ಒತ್ತಿದ ಜಾಗವೇ ಪುಡಿಯಾಗಿ ಹಿಡಿತ ಸಡಿಲವಾಗುತ್ತದೆ.

ತೋಳಿನ ಬ್ರಾಕೆಟ್ ಆದರೆ ಹೊರೆ ಇನ್ನೂ ಹೆಚ್ಚು. ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 20 ಸೆಂ.ಮೀ. ಅಂತರವಿದೆ ಎಂದುಕೊಳ್ಳಿ. ಟಿವಿ ಗೋಡೆಗೆ ಅಂಟಿಕೊಂಡಂತೆ 5 ಸೆಂ.ಮೀ. ದೂರದಲ್ಲಿದ್ದಾಗ ಮೇಲಿನ ಬೋಲ್ಟುಗಳನ್ನು ಹೊರಕ್ಕೆ ಕೀಳುವ ಬಲ ಸುಮಾರು 4 ಕೆಜಿ ಮಾತ್ರ. ಅದೇ ಟಿವಿಯನ್ನು 50 ಸೆಂ.ಮೀ. ಹೊರಗೆಳೆದರೆ ಅದು 40 ಕೆಜಿಗೆ ಏರುತ್ತದೆ, ಬ್ರಾಕೆಟ್ಟಿನ ತೂಕ ಬೇರೆ. ಮಗು ಹಿಡಿದು ಜೋತುಬಿದ್ದರೆ ಏನಾದೀತೆಂದು ನೀವೇ ಊಹಿಸಬಹುದು.

ಗೋಡೆಯಾಚೆ ನಿಮ್ಮದೇ ಕೋಣೆ ಇರುವುದು ಅನುಕೂಲವಾಯಿತು. ಬೋಲ್ಟನ್ನು ಗೋಡೆಯ ಆರಪಾರ ಹಾಯಿಸಿ, ಹಿಂಬದಿಯಲ್ಲಿ ಅಗಲವಾದ ಉಕ್ಕಿನ ಪಟ್ಟಿಯಿಟ್ಟು ನಟ್ ಬಿಗಿಸಿ. ಭಾರ ಇಡೀ ಪಟ್ಟಿಗೆ ಹಂಚಿಹೋಗುತ್ತದೆ. ಡ್ರಿಲ್ಲಿನ ಹ್ಯಾಮರ್ (ಬಡಿಯುವ) ಗುಂಡಿಯನ್ನು ಆಫ್ ಮಾಡಿಸಿ ಬರೀ ತಿರುಗುವಂತೆ ಕೊರೆಯಿಸಿ, ಇಲ್ಲದಿದ್ದರೆ ಬ್ಲಾಕ್ ಒಡೆಯುತ್ತದೆ. ಕೊರೆದಾಗ ಬೀಳುವ ಪುಡಿಯನ್ನೂ ನೋಡಿ: ಬಿಳಿಚಾದ ನಯ ಪುಡಿ ಬಂದರೆ ಎಎಸಿ, ಕೆಂಪು ಬಂದರೆ ಇಟ್ಟಿಗೆ. ನನ್ನ ಮಟ್ಟಿಗೆ, ಮಗು ದೊಡ್ಡದಾಗುವವರೆಗೆ ತೋಳಿನ ಆಸೆ ಬಿಟ್ಟು ಗೋಡೆಗೆ ಒತ್ತಿ ನಿಲ್ಲುವ ಬ್ರಾಕೆಟ್ ಹಾಕಿಸುವುದೇ ಒಳ್ಳೆಯದು.

ಉತ್ತರ 2:
ವಿದ್ಯುತ್ ಕೆಲಸ ಮಾಡುವವನಾಗಿ ಒಂದು ಮಾತು ಸೇರಿಸುತ್ತೇನೆ. ಗೋಡೆಯೊಳಗಿನ ವೈರಿನ ಪೈಪು ಸಾಮಾನ್ಯವಾಗಿ ಸ್ವಿಚ್ ಬೋರ್ಡಿನಿಂದ ನೇರ ಮೇಲಕ್ಕೋ ಕೆಳಕ್ಕೋ ಹೋಗಿರುತ್ತದೆ. ಹಾಲಿನ ಬೋರ್ಡುಗಳ ಜೊತೆಗೆ ಮಲಗುವ ಕೋಣೆಯ ಬದಿಯ ಬೋರ್ಡುಗಳ ನೇರವನ್ನೂ ತಪ್ಪಿಸಿ ಗುರುತು ಹಾಕಿಸಿ. ಅಷ್ಟು ತೆಳುವಾದ ಗೋಡೆಯಲ್ಲಿ ಎರಡೂ ಬದಿಯ ಪೈಪುಗಳು ದಾರಿಗೆ ಸಿಗುತ್ತವೆ. ಕೊರೆಯುವಾಗ ಆ ಎರಡು ಕೋಣೆಗಳ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿ, ಡ್ರಿಲ್ಲಿಗೆ ಬೇರೆ ಕೋಣೆಯಿಂದ ಕರೆಂಟ್ ತೆಗೆದುಕೊಳ್ಳಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ತೋಳಿನದು ಬೇಡವೆಂದು ಮನೆಯಲ್ಲಿ ಒಪ್ಪಿಕೊಂಡರು. ಎತ್ತರ ಎಷ್ಟಿರಬೇಕು? ಹಿಂಬದಿಯ ಪಟ್ಟಿ ಮಲಗುವ ಕೋಣೆಯಲ್ಲಿ ಎದ್ದು ಕಾಣುವುದಿಲ್ಲವೇ?

ಉತ್ತರ 1:
ಸೋಫಾದಲ್ಲಿ ಕುಳಿತಾಗ ಪರದೆಯ ನಡುಭಾಗ ಕಣ್ಣಿನ ಮಟ್ಟಕ್ಕೆ ಬರಲಿ. ಸಾಮಾನ್ಯವಾಗಿ ಅದು ನೆಲದಿಂದ 100ರಿಂದ 110 ಸೆಂ.ಮೀ. ಆಗುತ್ತದೆ. ರಸಮಟ್ಟ ಇಟ್ಟು ನೋಡಿದ ಮೇಲೆಯೇ ತೂತು ಕೊರೆಯಿಸಿ. ಪಟ್ಟಿಗೆ ಗೋಡೆಯ ಬಣ್ಣವನ್ನೇ ಬಳಿಸಬಹುದು, ಬೀರು ಇದ್ದರೆ ಅದರ ಹಿಂದೆ ಮರೆಯಾಗುತ್ತದೆ. ಟಿವಿಯ ಬೆನ್ನಿಗೆ ಹಾಕುವ ಸ್ಕ್ರೂಗಳ ಉದ್ದವನ್ನು ಮಾತ್ರ ಟಿವಿಯ ಕೈಪಿಡಿಯಲ್ಲಿ ನೋಡಿಯೇ ಆರಿಸಿ. ಉದ್ದ ಹೆಚ್ಚಾದರೆ ಅದು ಒಳಗಿನ ಭಾಗಗಳಿಗೆ ಚುಚ್ಚುತ್ತದೆ.